ಕಾಲು ಮುಂದಾಗಿ ಹುಟ್ಟಿದವನು

ಪಕ್ಕದ ಸೀಟು ಖಾಲಿ ಇದ್ದರೂ ಗಿಡ್ಡಮ್ಮ ಕೂರದೆ ಕಂಬಿ ಹಿಡಿದು ನಿಂತೇ ಇದ್ದದ್ದು ಪಾಲಾಕ್ಷನ ತಲೆ ಕೆಡಿಸಿತು. ಬಸ್ಸು ಕೊಟ್ಟೂರು ಬಿಟ್ಟು ಊರಾಚೆಯ ಪೆಟ್ರೋಲ್ ಬಂಕು ದಾಟಿದರೂ ಅವಳು ನಿಂತೇ ಇದ್ದಳು. ಹಿಂದಿನ ಸೀಟಿನಲ್ಲಿ ಅವಳ ಮಗಳು ಕೋಮಲಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಅವಳ ಪಕ್ಕ ಯಾರದೋ ಈರುಳ್ಳಿ ಚೀಲ. ಇಡೀ ಬಸ್ಸಿನಲ್ಲಿ ಉಳಿದದ್ದು ಪಾಲಾಕ್ಷನ ಪಕ್ಕದ ಜಾಗವೊಂದೇ. ಅವನು ಒಮ್ಮೆ ಕಣ್ಣಿನಲ್ಲೇ ತೋರಿಸಿದ, ಆಮೇಲೆ ಬಾಯಿ ಬಿಟ್ಟು ಹೇಳಿದ. “ಕುಂದರಬಾರದೇನು? ದಾವಣಗೆರಿ ಏನು ಇಲ್ಲೇ ಐತೇನು?” ಗಿಡ್ಡಮ್ಮ ಸೆರಗು ಎಳೆದುಕೊಂಡು, “ಇರ್ಲಿ ಬಿಡ್ರಿ ಮಾಸ್ತರ, ನಿಂತ್ರ ಏನಾಕ್ಕೈತಿ” ಎಂದಳು. ಮುಂದಿನ ಸೀಟಿನ ಮುದುಕನೊಬ್ಬ ತಿರುಗಿ ಅವಳನ್ನೂ ಅವನನ್ನೂ ನೋಡಿ, ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯಿಂದ ಪಾಲಾಕ್ಷನಿಗೆ ಮೈಯೆಲ್ಲ ಉರಿಯಿತು. ಜಾತಿ ಗೀತಿ ಅಂತ ನೋಡದವನು ತಾನು. ಕೇರಿಯ ಹುಡುಗಿಯನ್ನು ಆರಿಸಿ, ಓಡಲು ಕಲಿಸಿ, ತಾಲ್ಲೂಕು ದಾಟಿಸಿದವನು ತಾನು. ಈ ಹೆಂಗಸು ನಿಂತುಕೊಂಡೇ ತನ್ನನ್ನು ಅದೇ ಹಳೆಯ ಕಟ್ಟೆಯ ಮೇಲೆ ಕೂರಿಸುತ್ತಿದ್ದಾಳೆ. ವಿನಯವೇ ಇವರ ಬಡಿಗೆ ಎಂದುಕೊಂಡ. ಕೂರದಿದ್ದರೆ ಸಾಯಲಿ ಎಂದು ಕಾಲು ಚಾಚಿ ಕಿಟಕಿಯ ಕಡೆ ತಿರುಗಿದ.

ಹೊರಗೆ ಮೆಕ್ಕೆಜೋಳದ ಹೊಲಗಳು, ಒಂದರಂತೆ ಇನ್ನೊಂದು. ಅವನಿಗೆ ಆ ಹೊಲಗಳ ಮೇಲೂ ತಾತ್ಸಾರ ಹುಟ್ಟಿತು. ಇವತ್ತು ಶಾಲೆಯಲ್ಲಿ ಮೊದಲ ಪೀರಿಯಡ್ಡು ಒಂಬತ್ತನೇ ತರಗತಿಗೆ ಡ್ರಿಲ್ಲು. ಈಗ ಹುಡುಗರು ಮೈದಾನದಲ್ಲಿ ಬೇಕಾದ ಹಾಗೆ ಕುಣಿಯುತ್ತಿರುತ್ತಾರೆ, ಕೊಟ್ರಬಸಪ್ಪ ಹೆಡ್ ಮಾಸ್ತರು ಎಲೆ ಅಡಿಕೆ ಜಗಿಯುತ್ತ ಜಗಲಿಯಲ್ಲಿ ನಿಂತು ನೋಡುತ್ತಿರುತ್ತಾರೆ. ಆ ಮನುಷ್ಯ ಮೊನ್ನೆ ಎಲ್ಲ ಮಾಸ್ತರರ ಎದುರಿಗೆ, “ಹುಡುಗಿ ಕಾಲಿಗೆ ಒದ್ದೋರು ನೀವ, ಅಂದ್ಮ್ಯಾಲ ಡಾಕ್ಟ್ರಿಗೆ ತೋರಿಸ್ಕೊಂಡು ಬರೋರೂ ನೀವ ಅಲ್ರೀ” ಎಂದಿದ್ದರು. ಗಣಿತದ ಮಾಸ್ತರು ಪುಸ್ತಕ ಅಡ್ಡ ಹಿಡಿದು ನಕ್ಕಿದ್ದರು. ಕೋಮಲಾಳ ಅಪ್ಪ ಜೋಗಪ್ಪ, ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಜಗಳಕ್ಕೆ ಬಂದವನಲ್ಲ. “ಹುಡುಗಿ ಕಾಲ್ಬೆರಳು ತಣ್ಣಗಾಗಿ ಬೆಳ್ಳಗಾಕ್ಕಾವ್ರಿ. ಕೂಡ್ಲಿಗಿ ಡಾಕ್ಟ್ರು ನನಗ ತಿಳಿವಲ್ದು, ದಾವಣಗೆರಿಗೆ ಹೋಗ್ರಿ ಅಂದಾರ” ಎಂದಷ್ಟೇ ಹೇಳಿದ್ದ. ಜಗಳಕ್ಕಾದರೂ ಬಂದಿದ್ದರೆ ಎದುರಿಸಬಹುದಿತ್ತು.

ಪಾಲಾಕ್ಷನಿಗೆ ಬೇಕಾದದ್ದು ಒಂದೇ: ಡಾಕ್ಟರು ನೋಡಿ ಏನೂ ಇಲ್ಲ ಅನ್ನಬೇಕು. ಅದನ್ನು ಅವನು ತನ್ನಿಂದ ಮುಚ್ಚಿಡಲೂ ಇಲ್ಲ. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗಲೇ ಮನಸ್ಸು ನೆಟ್ಟಗೆ ಹೇಳಿತ್ತು, ಈ ಹುಡುಗಿಯ ಕಾಲಿನಲ್ಲಿ ಯಾವ ರೋಗವೂ ಇರಬಾರದು. ರೋಗ ಇಲ್ಲ ಅಂತಾದರೆ ಹಡಗಲಿಯಲ್ಲಿ ಅವಳು ಆಡಿದ್ದು ನಾಟಕ, ತಾನು ಹೇಳಿದ್ದು ಸರಿ, ಒದ್ದದ್ದೂ ಸರಿ. ಇದ್ದರೆ ಊರೆಲ್ಲ ರೋಗದ ಹುಡುಗಿಯನ್ನು ಒದ್ದ ಮಾಸ್ತರ ಅನ್ನುತ್ತದೆ. ಹುಡುಗಿಗೆ ಬೇಕಾದದ್ದು ಇದಕ್ಕೆ ತೀರ ಉಲ್ಟಾ. ಏನಾದರೂ ಸಿಕ್ಕರೆ ತಾನೇ ಅವಳಿಗೆ ವಾಸಿಯಾಗುವುದು, ಬರುವ ವರ್ಷ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಓಡುವುದು. ಸಿಗದಿದ್ದರೆ ಅವಳು ಸುಳ್ಳಿ, ಅಲ್ಲಿಗೆ ಮುಗಿಯಿತು. ಒಂದು ಹೆಣ್ಣುಮಗುವಿನ ಕಾಲು ಕೆಡಲಿ ಅನ್ನುತ್ತಿಲ್ಲವಲ್ಲ ತಾನು, ಚೆನ್ನಾಗಿರಲಿ ಅಂತಲೇ ಅನ್ನುತ್ತಿರುವುದು. ಈ ತರ್ಕ ಅವನಿಗೆ ಹಿಡಿಸಿತು. ಹಿಡಿಸಿದ ಮರುಗಳಿಗೆಯೇ ತನ್ನ ಮೇಲೆ ಹೇಸಿಗೆಯಾಯಿತು.

ಹಡಗಲಿಯ ಮೈದಾನ. ಎಂಟುನೂರು ಮೀಟರು, ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕೋಮಲಾ ಉಳಿದವರನ್ನು ಎಷ್ಟು ಹಿಂದೆ ಹಾಕಿದ್ದಳೆಂದರೆ ಶಾಮಿಯಾನದ ಕೆಳಗೆ ಕೂತಿದ್ದ ಶಿಕ್ಷಣಾಧಿಕಾರಿಗಳು ಬಾಯಿಗೆ ಒಯ್ಯುತ್ತಿದ್ದ ಮಂಡಕ್ಕಿಯನ್ನು ಅಲ್ಲೇ ಹಿಡಿದು ನೋಡಿದ್ದರು. ಪಾಲಾಕ್ಷ ಅವರ ಹಿಂದೆಯೇ ನಿಂತಿದ್ದ. “ನಮ್ಮ ಹುಡುಗಿ ಸರ್” ಎಂದು ಎರಡು ಸಲ ಹೇಳಿದ್ದ. ಎರಡನೇ ಸುತ್ತಿನ ತಿರುವಿನಲ್ಲಿ ಅವಳು ಕುಂಟಿದಳು, ನಿಂತಳು, ಸುಣ್ಣದ ಗೆರೆಯ ಮೇಲೇ ಕೂತುಬಿಟ್ಟಳು. ಉಳಿದ ಹುಡುಗಿಯರು ಅವಳನ್ನು ಬಳಸಿಕೊಂಡು ಓಡಿಹೋದರು. ಅವನು ಬೈಯುತ್ತ ಅಲ್ಲಿಗೆ ಹೋಗುವಷ್ಟರಲ್ಲಿ ಅವಳು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಸಲೀಸಾಗಿ ನಡೆದು ಬರುತ್ತಿದ್ದಳು. ಅದೇ, ಆ ಸಲೀಸು ನಡಿಗೆಯೇ ಅವನನ್ನು ಕೆರಳಿಸಿದ್ದು. ಮುರಿದ ಕಾಲು ಕ್ಷಣದಲ್ಲಿ ಕೂಡಿಕೊಳ್ಳುತ್ತದೆಯೇ? ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿ, ಶಾಲೆಗೆ ಶಾಲೆಯೇ ಕೇಳುವಂತೆ, “ಇಕಿ ನಾಟಕದ ಕಂಪನಿ ಸೇರಬೇಕಿತ್ತು, ತಪ್ಪಿ ನನ್ನ ಹತ್ರ ಬಂದಾಳ” ಎಂದಿದ್ದ. ಅವಳು ತಲೆ ತಗ್ಗಿಸಲಿಲ್ಲ. ಎದುರಿಗಿದ್ದ ಧ್ವಜದ ಕಂಬವನ್ನೇ ನೋಡುತ್ತಿದ್ದಳು.

ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಆಗಬಾರದು ಅಂದುಕೊಂಡದ್ದೇ ಆಯಿತು. ಕಂಡಕ್ಟರ್ ದುರುಗಣ್ಣ ಅವನ ಊರು ಹಂಪಸಾಗರದವನೇ. ಟಿಕೆಟ್ ಕೊಡುವಾಗ ಹಲ್ಲು ಕಿರಿದಿದ್ದವನು ಈಗ ಕೆಳಗಿಳಿದು ಕಿಟಕಿಯ ಹತ್ತಿರ ಬಂದ. “ಮಾಸ್ತರ, ಸ್ವಲ್ಪ ಇಳೀರಲ್ಲ. ನಿನ್ನಿಂದ ನಡ ಹಿಡದೈತ್ರಿ, ಬಗ್ಗಾಕ ಬರವಲ್ದು. ಒಮ್ಮೆ ಕಾಲು ತಾಗಿಸ್ರಿ.” ಆಗಲ್ಲ ಅನ್ನಲು ಬಾಯಿ ತೆರೆದರೂ ಆಗಲೇ ಇಬ್ಬರು ಮೂವರು ಸೇರಿದ್ದರು. ಹೆತ್ತ ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲಾಗಿ ಬಂದವನು ಪಾಲಾಕ್ಷ. ಅಂಥವರು ಒದ್ದರೆ ಉಳುಕು ಬಿಡುತ್ತದೆಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇವನ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಡಿಗ್ರಿ ಯಾರಿಗೂ ಗೊತ್ತಿಲ್ಲ. ಒದೆಯುವುದೆಂದರೆ ನಿಜಕ್ಕೂ ಒದೆಯುವುದಲ್ಲ, ನೋವಿದ್ದ ಕಡೆ ಎಡಗಾಲನ್ನು ಮೆಲ್ಲಗೆ ತಾಗಿಸುವುದು. ದುರುಗಣ್ಣ ಬಸ್ಸಿನ ಮೆಟ್ಟಿಲಿಗೆ ಕೈ ಊರಿ, ಖಾಕಿ ಅಂಗಿ ಮೇಲೆತ್ತಿ ಬಗ್ಗಿ ನಿಂತ. ಪಾಲಾಕ್ಷ ಬೂಟು ಕಳಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಮಿರ್ಚಿ ಕರಿಯುತ್ತಿದ್ದವನು ಜಾಲರಿ ಹಿಡಿದೇ ನಿಂತು ನೋಡಿದ. ತಾಗಿಸಿದ್ದೂ ಆಯಿತು, ದುರುಗಣ್ಣ ಎದ್ದು ಸೊಂಟ ತಿರುಗಿಸಿ, “ಹಗುರಾತು ನೋಡ್ರಿ, ಹೂವಿನಂಗ ಹಗುರಾತು” ಎಂದದ್ದೂ ಆಯಿತು. ಸುಳ್ಳ, ಎಂದುಕೊಂಡ ಪಾಲಾಕ್ಷ. ಮೇಲೆ ಕಿಟಕಿಯಲ್ಲಿ ಕೋಮಲಾ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಗಿಡ್ಡಮ್ಮ ಕಿಟಕಿಯಿಂದ ಅವನ ಕಡೆ ಬಗ್ಗಿ, ನಿಜವಾದ ಬೇಜಾರಿನಿಂದ, “ಎಲ್ಲಾರಿಗೂ ಹಗುರಾಕ್ಕೈತಿ, ನಮ್ಮ ಹುಡುಗಿಗೊಂದು ಆಗ್ಲಿಲ್ಲ ನೋಡ್ರಿ ಮಾಸ್ತರ” ಎಂದಳು.

ಹಗುರಾಯಿತು. ಈ ಒಂದು ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದಾನೆ. ಹಂಪಸಾಗರದ ಮನೆಯ ಕಟ್ಟೆಯ ಮೇಲೆ ಭಾನುವಾರ ಬೆಳಿಗ್ಗೆ ಅವ್ವ ಹಂಪಮ್ಮ ಅವನನ್ನು ಕೂರಿಸುತ್ತಿದ್ದಳು. ಬೇರೆ ಹುಡುಗರು ಹೊಳೆಯ ಕಡೆ ಓಡುವಾಗ ಅವನು ಮುದುಕರ ಬೆವರಿನ ಬೆನ್ನಿಗೆ ಕಾಲು ತಾಗಿಸುತ್ತ ಕೂರಬೇಕಿತ್ತು. ಕೇರಿಯವರು ಬಂದರೆ ಕಟ್ಟೆ ಹತ್ತುವ ಹಾಗಿರಲಿಲ್ಲ. ಅವರು ಕೆಳಗೆ ಅಂಗಳದಲ್ಲಿ ಬೆನ್ನು ಮಾಡಿ ಕೂರುತ್ತಿದ್ದರು. ಅವರಿಗಾಗಿ ಅವ್ವ ಒಂದು ಕೋಲು ಇಟ್ಟಿದ್ದಳು. ಕೋಲಿನ ಒಂದು ತುದಿ ಅವರ ಬೆನ್ನಿಗೆ, ಇನ್ನೊಂದು ತುದಿಗೆ ಅವನ ಪಾದ. ಒದೆಯಲಿಕ್ಕೂ ಮೈಲಿಗೆ. ಆದರೂ ಅವರು ಎದ್ದು, “ಹಗುರಾತ್ರಿ ಅವ್ವಾರ” ಎಂದು ಕೈ ಮುಗಿಯುತ್ತಿದ್ದರು. ಆಗಲೇ, ಇನ್ನೂ ಚಡ್ಡಿಯ ವಯಸ್ಸಿನಲ್ಲೇ, ಅವನಿಗೆ ಖಾತ್ರಿಯಾಗಿತ್ತು: ಒಂದು ಕೋಲಿನ ತುದಿಯಿಂದ ಹೋಗುವುದಾದರೆ ನೋವು ಅನ್ನುವುದೇ ಬೂಟಾಟಿಕೆ. ಜನ ಸುಮ್ಮನೆ ನರಳುತ್ತಾರೆ, ಸುಮ್ಮನೆ ವಾಸಿಯಾಗುತ್ತಾರೆ. ಅವ್ವ ಸತ್ತ ಮೇಲೆ ಆ ಕೋಲನ್ನು ಅವನೇ ಮುರಿದು ನೀರೊಲೆಗೆ ಹಾಕಿದ್ದ. ಆವತ್ತು ತನ್ನ ಬಗ್ಗೆ ಬಹಳ ಅಭಿಮಾನ ಪಟ್ಟಿದ್ದ.

ಹಡಗಲಿಯಿಂದ ಬಂದ ವಾರದಲ್ಲೇ ಗಿಡ್ಡಮ್ಮ ಮಗಳನ್ನು ಮೈದಾನಕ್ಕೆ ಕರೆದುಕೊಂಡು ಬಂದಿದ್ದಳು. “ನರ ಹಿಡದೈತಿ ಅಂತಾರ್ರಿ. ನೀವು ಒಮ್ಮೆ ಒದ್ದು ಬಿಡ್ರಿ.” ಹುಡುಗರು ವಾಲಿಬಾಲ್ ನಿಲ್ಲಿಸಿ ನೋಡುತ್ತಿದ್ದರು. ಕೋಮಲಾ ನೆಲದ ಮೇಲೆ ಕೌಚಿ ಮಲಗಿದಳು. ಮೀನಖಂಡ ದುಂಡಗೆ, ಗಟ್ಟಿಯಾಗಿ, ಗಂಡುಹುಡುಗರಿಗೂ ಇಲ್ಲದಂಥದು, ತಾನೇ ದಿನವೂ ಕೆರೆಯ ಏರಿ ಹತ್ತಿಸಿ ಇಳಿಸಿ ಬೆಳೆಸಿದ್ದು. ಅದನ್ನು ನೋಡುತ್ತಿದ್ದ ಹಾಗೆ ಹಡಗಲಿಯ ಶಾಮಿಯಾನ, ಶಿಕ್ಷಣಾಧಿಕಾರಿಗಳ ಕೈಯಲ್ಲಿ ನಿಂತ ಮಂಡಕ್ಕಿ, ಆಮೇಲೆ ಅವರು ತಿರುಗಿ, “ಏನ್ರೀ ನಿಮ್ಮ ಹುಡುಗಿ?” ಎಂದದ್ದು ಎಲ್ಲ ಒಟ್ಟಿಗೆ ನುಗ್ಗಿತು. ಅವನು ತಾಗಿಸಲಿಲ್ಲ, ಒದ್ದ. ಬೂಟುಗಾಲಿನಲ್ಲೇ ಒದ್ದ. ಹುಡುಗಿ ಬಾಯಿ ಬಿಡಲಿಲ್ಲ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಳು. ಗಿಡ್ಡಮ್ಮ ಕೈ ಮುಗಿದಳು. ಆ ರಾತ್ರಿ ಊಟ ಮಾಡುವಾಗ ಅವನಿಗೆ ಬಂದ ಯೋಚನೆ ಏನೆಂದರೆ, ಕೋಲಿಲ್ಲದೆ ಒದ್ದೆ. ಅವ್ವನ ಕಾಲ ಹೋಯಿತು, ನಾನು ನೇರವಾಗಿ ಮುಟ್ಟಿ ಒದ್ದೆ. ಇದನ್ನು ಅವನು ಅನ್ನದ ಜತೆ ನುಂಗಿ, ಒಂದು ರೀತಿಯ ತೃಪ್ತಿಯಿಂದ ಕೈ ತೊಳೆದಿದ್ದ. ಒದ್ದ ಜಾಗ ತಿಂಗಳುಗಟ್ಟಲೆ ಕಪ್ಪಗಿತ್ತು. ಕೂಡ್ಲಿಗಿಯ ಡಾಕ್ಟರು ಮೊದಲ ಸಲ ಆ ಕಪ್ಪನ್ನೇ ನೋಡಿ, ಪೆಟ್ಟು ಬಿದ್ದು ನೋಯುತ್ತಿದೆ ಎಂದು ಮುಲಾಮು ಕೊಟ್ಟು ಕಳಿಸಿದ್ದರು. ಮುಲಾಮು ತೀರಿ, ಕಪ್ಪು ಮಾಯವಾಗಿ, ಬೆರಳು ತಣ್ಣಗಾಗುವವರೆಗೆ ಯಾರೂ ಬೇರೆ ಏನನ್ನೂ ಯೋಚಿಸಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ, ಉದ್ದನೆಯ ಬೆಂಚು, ಬೆಂಚಿನ ತುಂಬ ಕಾಯಿಲೆಯ ಮುಖಗಳು. ಪಾಲಾಕ್ಷ ಒಬ್ಬೊಬ್ಬರನ್ನೂ ನೋಡಿ ಇವನು ನಿಜ, ಇವಳು ಸುಳ್ಳು ಎಂದು ವಿಂಗಡಿಸುತ್ತ ಕೂತ. ಗಿಡ್ಡಮ್ಮ ಗೋಡೆ ಪಕ್ಕ ನೆಲಕ್ಕೆ ಕೂತಳು. ಒಳಗೆ ಕರೆದಾಗ ಡಾಕ್ಟರು ಹೆಂಗಸು ಎಂದು ಕಂಡು ಅವನಿಗೆ ಕಸಿವಿಸಿಯಾಯಿತು. ಡಾಕ್ಟರ್ ಸುಜಾತಾ, ಗಿಡ್ಡನೆಯವರು, ಬಿಳಿ ಕೋಟಿನ ತೋಳು ಮಡಿಸಿಕೊಂಡಿದ್ದರು. ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರ ಒಂದು ಗುಂಪು. ಪಾಲಾಕ್ಷ ತಾನೇ ಮಾತು ಶುರು ಮಾಡಿದ. ಎಂಟುನೂರು ಮೀಟರು, ಜಿಲ್ಲಾ ಮಟ್ಟ, ಮಾನಸಿಕ ದೌರ್ಬಲ್ಯ, ಕೊನೆಯ ಸುತ್ತಿನ ಅಂಜಿಕೆ. ಡಾಕ್ಟರು ಅವನು ಮುಗಿಸುವವರೆಗೂ ಕೇಳಿ, ಹುಡುಗಿಯ ಕಡೆ ತಿರುಗಿ, “ನೀನು ಹೇಳಮ್ಮ” ಎಂದರು.

“ಮೊದಲ್ನೆ ಸುತ್ತಿನ್ಯಾಗ ಏನೂ ಇರಂಗಿಲ್ರಿ” ಎಂದಳು ಕೋಮಲಾ. “ಎರಡನೆ ಸುತ್ತಿನ್ಯಾಗ ಮೀನಖಂಡ ಕಲ್ಲಾಕ್ಕೈತಿ. ಆಮ್ಯಾಲ ಪಾದ ಜೋಮು ಹಿಡಿದು, ಅದು ನಂದಲ್ಲ ಅನ್ನಂಗ ಆಕ್ಕೈತಿ. ನೆಲ ಮುಟ್ಟಿದ್ದು ತಿಳಿಯಂಗಿಲ್ಲ. ಕುಂತ್ರ ಸ್ವಲ್ಪ ಹೊತ್ತಿಗೆ ಹೋಕ್ಕೈತ್ರಿ, ಏನೂ ಆಗೇ ಇಲ್ಲ ಅನ್ನಂಗ.” ಇಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಪಾಲಾಕ್ಷ ಕೇಳಿದ್ದು ಇದೇ ಮೊದಲು. ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂದು ಅವನು ಕೇಳಿಯೇ ಇರಲಿಲ್ಲ. ಡಾಕ್ಟರು ಕಾಲಿಗೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಗಿಡ್ಡಮ್ಮ ತಡವರಿಸದೆ, “ಮಾಸ್ತರು ಒದ್ದಾರ್ರಿ” ಎಂದಳು.

ಡಾಕ್ಟರ ಪೆನ್ನು ನಿಂತಿತು. ಗಿಡ್ಡಮ್ಮನಿಗೆ ತಾನು ಏನೋ ತಪ್ಪು ಆಡಿದೆ ಅನ್ನಿಸಿರಬೇಕು. “ಸಿಟ್ಟಿಗಲ್ರಿ, ಔಷಧಕ್ಕ” ಎಂದು ಸೇರಿಸಿದಳು. “ಅವರು ಕಾಲು ಮುಂದಾಗಿ ಹುಟ್ಯಾರ.” ಹಿಂದಿನ ಗುಂಪಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವರು ಪಾಲಾಕ್ಷನನ್ನು, ಅವನ ಎದೆಯ ಮೇಲಿನ ವಿಷಲ್ಲನ್ನು, ಟ್ರ್ಯಾಕ್ ಪ್ಯಾಂಟನ್ನು, ಕೊನೆಗೆ ಬೂಟನ್ನು ನೋಡಿ, ಬರೆಯುವುದನ್ನು ಮುಂದುವರಿಸಿದರು. ಅವನು ಏನಾದರೂ ಹೇಳಬೇಕಿತ್ತು. ಇದು ನಂಬಿಕೆಯ ವಿಷಯ, ನಾನು ನಂಬುವವನಲ್ಲ, ಅವರ ಒತ್ತಾಯಕ್ಕೆ, ಎಂದೆಲ್ಲ ಮಾತುಗಳು ನಾಲಿಗೆಯವರೆಗೆ ಬಂದವು. ನಂಬದವನು ಒದ್ದದ್ದೇಕೆ ಎಂದು ಈ ಹೆಂಗಸು ಕೇಳಿದರೆ?

ಕೋಮಲಾಳನ್ನು ಮಂಚದ ಮೇಲೆ ಮಲಗಿಸಿ ಪಾದದ ಮೇಲೆ ತಣ್ಣನೆಯ ಅಂಟು ಹಚ್ಚಿ, ಪೆನ್ನಿನಂಥದೊಂದನ್ನು ಇಟ್ಟರು. ಅದಕ್ಕೆ ಸೇರಿಸಿದ ಸಣ್ಣ ಡಬ್ಬಿಯಿಂದ ಸದ್ದು ಬಂತು, ಬುಸ್, ಬುಸ್, ಬುಸ್, ನಸುಕಿನಲ್ಲಿ ಯಾರೋ ಅಂಗಳ ಗುಡಿಸಿದ ಹಾಗೆ. “ರಕ್ತ ಹರಿಯೋ ಸದ್ದು” ಎಂದರು ಡಾಕ್ಟರು. “ಚೆನ್ನಾಗಿದೆ.” ಚೆನ್ನಾಗಿದೆ! ಪಾಲಾಕ್ಷನ ಎದೆ ಹಿಗ್ಗಿತು. ಎದ್ದು ಗಿಡ್ಡಮ್ಮನ ಕಡೆ ತಿರುಗಿ, ನಾನು ಹೇಳಿರಲಿಲ್ಲೇನು ಅನ್ನುವ ಮುಖ ಮಾಡಿದ. ಕೊಟ್ರಬಸಪ್ಪನ ಜಗಲಿ, ಗಣಿತದ ಮಾಸ್ತರ ಪುಸ್ತಕ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ನಾಳೆಯೇ ಹೇಳುತ್ತೇನೆ, ಎಲ್ಲರ ಎದುರಿಗೆ ಹೇಳುತ್ತೇನೆ. ಅಷ್ಟರಲ್ಲಿ ಡಾಕ್ಟರು ತಮ್ಮ ಅಂಗೈಯನ್ನು ಹುಡುಗಿಯ ಪಾದಕ್ಕೆ ಅಡ್ಡ ಕೊಟ್ಟು, “ಮೊಣಕಾಲು ನೆಟ್ಟಗಿರಲಿ. ತುದಿಗಾಲಲ್ಲಿ ನಿಂತಂಗೆ ಬೆರಳು ಕೆಳಗೆ ಮಾಡಿ ನನ್ನ ಕೈ ಒತ್ತು. ಜೋರಾಗಿ” ಎಂದರು. ಕೋಮಲಾ ಒತ್ತಿದಳು. ಬುಸ್, ಬುಸ್ ಸಣ್ಣಗಾಯಿತು. ಆಮೇಲೆ ನಿಂತೇಹೋಯಿತು.

“ಯಾಕ್ರಿ, ಯಾಕ ನಿಂತ್ತು?” ಎಂದಳು ಗಿಡ್ಡಮ್ಮ. ಡಾಕ್ಟರು ಬಿಡು ಎಂದರು, ಹುಡುಗಿ ಪಾದ ಸಡಿಲಿಸಿದಳು, ಸದ್ದು ಮತ್ತೆ ಶುರುವಾಯಿತು. ಮತ್ತೆ ಒತ್ತಿಸಿದರು, ಮತ್ತೆ ನಿಂತಿತು. ಮಲಗಿದ್ದಾಗ ಇರುವ ರಕ್ತ ಓಡುವಾಗ ಇರುವುದಿಲ್ಲ ಎಂದು ಕಲಿಯುವ ಗುಂಪಿಗೆ ಹೇಳಿ, ಗಿಡ್ಡಮ್ಮನ ಕೈಯನ್ನೇ ಹಿಡಿದು ಮಗಳ ಮೊಣಕಾಲಿನ ಹಿಂದೆ ಇಡಿಸಿದರು. “ಇಲ್ಲಿ ನೋಡಮ್ಮ. ಪಾದಕ್ಕೆ ರಕ್ತ ಒಯ್ಯೋ ನಾಳ ಇಲ್ಲಿಂದ ನೇರ ಇಳೀಬೇಕು. ಇವಳದು ಹುಟ್ಟಿನಿಂದಲೇ ಮೀನಖಂಡದ ಮಾಂಸವನ್ನ ಸುತ್ತಿಕೊಂಡು ಹೋಗಿರಬೇಕು. ಓಡಿದಾಗ ಮಾಂಸ ಬಿಗಿಯುತ್ತೆ, ನಾಳ ಹಿಂಡುತ್ತೆ. ಕೂತರೆ ಸಡಿಲ ಆಗುತ್ತೆ. ಪ್ರಾಕ್ಟೀಸು ಹೆಚ್ಚಾದಷ್ಟೂ ಮಾಂಸ ಬಲಿಯುತ್ತೆ, ಹಿಂಡೋದೂ ಹೆಚ್ಚಾಗುತ್ತೆ.” ಪ್ರಾಕ್ಟೀಸು ಅನ್ನುವಾಗ ಅವರು ಪಾಲಾಕ್ಷನ ಕಡೆ ನೋಡಲಿಲ್ಲ. ಅವನಿಗೆ ಮಾತ್ರ ಕೆರೆಯ ಏರಿ ಕಂಡಿತು, ಹಡಗಲಿಯ ಸೋಲಿಗೆ ಶಿಕ್ಷೆಯಾಗಿ ಅವಳು ಒಬ್ಬಳೇ ಹತ್ತಿಳಿಯುತ್ತಿದ್ದ ಏರಿ.

ಮುಂದಿನದನ್ನು ಅವನು ಅರ್ಧ ಕೇಳಿದ. ನಾಳೆ ನಾಳದೊಳಗೆ ಬಣ್ಣದ ನೀರು ಬಿಟ್ಟು ಫೋಟೋ ತೆಗೆದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಪರೇಷನ್ ಮಾಡಿ ಅಡ್ಡ ಬಂದ ಮಾಂಸದ ಪಟ್ಟಿಯನ್ನು ಕತ್ತರಿಸಿ ನಾಳ ಬಿಡಿಸುತ್ತಾರೆ. ನಾಳವೇ ಕೆಟ್ಟಿದ್ದರೆ ಕಾಲಿನದೇ ಬೇರೆ ರಕ್ತನಾಳ ತೆಗೆದು ಜೋಡಿಸುತ್ತಾರೆ. ಹಾಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಬೆರಳು ಹೋಗಬಹುದು, ಪಾದವೂ ಹೋಗಬಹುದು. ಪಾಲಾಕ್ಷ ಕಾಯುತ್ತಿದ್ದ. ಶಾಲೆಗೆ ಸೇರಿಸಿದಂದಿನಿಂದ ಗಿಡ್ಡಮ್ಮ ಪ್ರತಿಯೊಂದಕ್ಕೂ, ಪರಕಾರದ ಬದಲು ಪ್ಯಾಂಟು ಹಾಕಿಸುವುದಕ್ಕೂ, ಮಾಸ್ತರು ಹೇಳಿದಂಗ ಎಂದೇ ಅಂದವಳು. ಈಗಲೂ ತಿರುಗಿ ಕೇಳುತ್ತಾಳೆ. ಆಗ ಗಂಭೀರವಾಗಿ, ಮಾಡಿಸ್ರಿ, ನಾನಿದೀನಿ ಅನ್ನುವುದು. ಅದರಿಂದ ಸ್ವಲ್ಪವಾದರೂ ಸರಿಹೋಗುತ್ತದೆ. ಗಿಡ್ಡಮ್ಮ ತಿರುಗಲಿಲ್ಲ. ಮಗಳ ಮೊಣಕಾಲಿನ ಹಿಂದಿಟ್ಟ ಕೈಯನ್ನೂ ತೆಗೆಯಲಿಲ್ಲ. “ಕೊಯ್ದ್ರ ಓಡ್ತಾಳೇನ್ರಿ?” ಎಂದು ಡಾಕ್ಟರನ್ನೇ ಕೇಳಿದಳು. ನಾಳ ಕೆಟ್ಟಿರದಿದ್ದರೆ ಕೆಲವು ತಿಂಗಳಲ್ಲಿ ಓಡಬಹುದು ಎಂದರು ಡಾಕ್ಟರು. “ಹಂಗಾರ ಮಾಡ್ರಿ. ಅವರಪ್ಪಗ ಫೋನ್ ಮಾಡಿ ಹೇಳ್ತೀನಿ.” ಅಷ್ಟೇ. ಕೋಮಲಾ ಮಂಚದ ಮೇಲೆ ಕಣ್ಣು ಮುಚ್ಚಿ ಅಳುತ್ತಿದ್ದಳು. ಅಂಜಿ ಅಳುತ್ತಿಲ್ಲ ಎಂಬುದು ಪಾಲಾಕ್ಷನಿಗೂ ತಿಳಿಯಿತು. ಅವಳನ್ನು ಯಾರೋ ನಂಬಿದ್ದರು.

ಆಗ ಅವನಿಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಾಗಬೇಕಿತ್ತು, ಆಗಿದ್ದು ಹೊಟ್ಟೆಕಿಚ್ಚು. ಧಾರವಾಡದ ಮೈದಾನ, ವಿಶ್ವವಿದ್ಯಾಲಯದ ಫೈನಲ್ಲು, ಅದೇ ಎಂಟುನೂರು, ಅದೇ ಎರಡನೇ ಸುತ್ತಿನ ತಿರುವು. ಮೂವರು ಅವನನ್ನು ದಾಟಿ ಹೋಗಿದ್ದರು. ನಾಲ್ಕನೆಯವನ ಉಸಿರು ಕಿವಿಯ ಹತ್ತಿರ ಕೇಳುತ್ತಿತ್ತು. ಆಗ ಮೀನಖಂಡ ಹಿಡಿಯಿತು, ಅವನು ಬಿದ್ದ. ಇಬ್ಬರು ಹೆಗಲ ಮೇಲೆ ಕೈ ಹಾಕಿಸಿಕೊಂಡು ಕರೆತಂದರು, ಜನ ಚಪ್ಪಾಳೆ ತಟ್ಟಿದರು. ಪ್ರತಿ ವರ್ಷ ಹೊಸ ಹುಡುಗರಿಗೆ ಅವನು ಹೇಳುವ ಕಥೆ ಅದು: ಆವತ್ತು ಮೀನಖಂಡ ಕೈ ಕೊಡದಿದ್ದರೆ ಇವತ್ತು ನಾನು ಈ ಕೊಟ್ಟೂರಿನ ಧೂಳು ತಿನ್ನುತ್ತಿರಲಿಲ್ಲ. ಹೇಳಿ ಹೇಳಿ ಆ ಕಥೆ ನುಣ್ಣಗಾಗಿತ್ತು. ಹಿಡಿದದ್ದು ಬಿದ್ದ ಮೇಲೋ, ಬೀಳುವ ಮೊದಲೋ ಎಂದು ಅವನು ಯೋಚಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಈ ಬುಸ್ ಬುಸ್ ಕೇಳಿದ ಮೇಲೆ ಒಳಗೆ ಏನೋ ಎದ್ದು ಕೂತಿತು. ಇದೇ ಇರಬೇಕು. ಎರಡನೇ ಸುತ್ತು, ಮೀನಖಂಡ, ಕೂತ ಮೇಲೆ ಏನೂ ಇಲ್ಲ. ತನಗಿದ್ದದ್ದೂ ಇದೇ. ಹುಟ್ಟಿನಿಂದಲೇ ಇದ್ದದ್ದು, ಯಾರೂ ನೋಡದೆ ಬಿಟ್ಟದ್ದು.

“ನನಗೂ ಹಿಂಗ ಆಗಿತ್ತು ಡಾಕ್ಟ್ರೇ” ಎಂದ. ದನಿ ಅವನಿಗೇ ಬೇಡುವವನ ದನಿಯಂತೆ ಕೇಳಿತು. “ಯೂನಿವರ್ಸಿಟಿ ಫೈನಲ್‌ನ್ಯಾಗ. ಒಮ್ಮೆ ನೋಡ್ತೀರೇನು?” ಡಾಕ್ಟರು ಗಡಿಯಾರ ನೋಡಿ, ಕಲಿಯುವ ಗುಂಪನ್ನು ನೋಡಿ, “ಬನ್ನಿ, ಇವರಿಗೂ ಇನ್ನೊಂದು ಕಾಲು ತೋರಿಸಿದಂಗಾಗುತ್ತೆ. ಕೋಮಲಾ, ಒಂದು ನಿಮಿಷ ಇಳೀಮ್ಮ” ಎಂದರು. ಹುಡುಗಿ ಇಳಿದು ಮಂಚದ ಸರಳು ಹಿಡಿದು ನಿಂತಳು. ಪಾಲಾಕ್ಷ ಬೂಟು ಕಳಚಿದ, ತೂತಿನ ಕಾಲುಚೀಲ ಕಳಚಿ ಮುದ್ದೆ ಮಾಡಿ ಮಂಚದ ಕೆಳಗೆ ಹಾಕಿದ, ಅವಳು ಮಲಗಿದ್ದ ಬೆಚ್ಚಗಿನ ಜಾಗದಲ್ಲೇ ಮಲಗಿದ. “ಯಾವ ಕಾಲು?” ಎಂದರು ಡಾಕ್ಟರು. ಅವನು ಒಂದು ಗಳಿಗೆ ತಡೆದು, ಎಡಗಾಲು ಎಂದ. ಸದ್ದು ಬಂತು, ದಪ್ಪನೆಯ ಸದ್ದು, ಇಡೀ ಕೋಣೆ ಗುಡಿಸುವಷ್ಟು. “ಈಗ ಒತ್ತಿ.” ಒತ್ತಿದ. ಬುಸ್, ಬುಸ್, ಬುಸ್. “ಇನ್ನೂ ಜೋರಾಗಿ.” ಹಲ್ಲು ಕಚ್ಚಿ ಒತ್ತಿದ. ಬುಸ್, ಬುಸ್, ಬುಸ್. ಡಾಕ್ಟರು ಗುಂಪಿಗೆ ಹೇಳುತ್ತಿದ್ದರು, ರೋಗ ಇಲ್ಲದ ಎಷ್ಟೋ ಜನಕ್ಕೂ ಒತ್ತಿದಾಗ ಸ್ವಲ್ಪ ತಗ್ಗುತ್ತೆ, ಕೆಲವರಿಗೆ ನಿಂತೇಬಿಡುತ್ತೆ, ಅದಕ್ಕೇ ನೋವಿನ ಮಾತನ್ನು ಸರಿಯಾಗಿ ಕೇಳಬೇಕು. ಇವರದು ಅಷ್ಟೂ ತಗ್ಗೋದಿಲ್ಲ ನೋಡಿ.

“ಬಲಗಾಲು ಇರಬೇಕ್ರಿ” ಎಂದ ಪಾಲಾಕ್ಷ. “ಇನ್ನೊಮ್ಮೆ ನೋಡ್ರಿ.”

ಬಲಗಾಲಿಗೆ ಅಂಟು ಹಚ್ಚಿದರು. ಅವನು ಕಣ್ಣು ಮುಚ್ಚಿದ. ಜೀವಮಾನದಲ್ಲಿ ಎಂದೂ ಓಡದಷ್ಟು ಮನಸಾರೆ ಒತ್ತಿದ. ಹಣೆ ಬೆವರಿತು, ತೊಡೆ ನಡುಗಿತು, ಪಾದದ ಬೆರಳುಗಳು ಬಿಳಿಚಿದವು. ನಿಲ್ಲು ಎಂದು ಒಳಗೇ ಬೇಡಿಕೊಂಡ. ಸದ್ದು ಕುದುರೆಯ ಹಾಗೆ ಓಡುತ್ತಲೇ ಇತ್ತು. ಆಗ ಮಂಚದ ಪಕ್ಕದಿಂದ ಕೋಮಲಾಳ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವ ವಿದ್ಯಾರ್ಥಿಯ ದನಿ. “ಎಂಟನೇ ಕ್ಲಾಸಿನ್ಯಾಗ ನಮಗ ಹೇಳುವಾಗ ಎಡಗಾಲು ಅಂದಿದ್ರಿ ಸರ್. ಹೋದ ವರ್ಷ ಬಲಗಾಲು ಅಂದ್ರಿ.”

ಯಾರೂ ನಗಲಿಲ್ಲ. ಡಾಕ್ಟರು ಪೆನ್ನಿನಂಥದನ್ನು ಅವನ ಪಾದದಿಂದ ಎತ್ತಿಕೊಂಡರು, ಸದ್ದು ನಿಂತಿತು. “ನಿಮ್ಮ ಕಾಲಿಗೆ ಏನೂ ಆಗಿಲ್ಲ ಮಾಸ್ತರೇ. ಎರಡೂ ಗಟ್ಟಿಯಾಗಿವೆ” ಎಂದರು. ಬೆಳಿಗ್ಗೆಯಿಂದ ಅವನು ಕೇಳಬೇಕು ಅಂದುಕೊಂಡದ್ದು ಇದೇ ಮಾತು, ಬೇರೆಯವರ ಕಾಲಿನ ಬಗ್ಗೆ. ಅವನು ಏಳಲಿಲ್ಲ. ಡಬ್ಬಿ ಆರಿಸಿದ್ದು ಗೊತ್ತಿದ್ದೂ ಬೆರಳನ್ನು ಕೆಳಗೆ ಒತ್ತಿಯೇ ಇದ್ದ. ಒಳಗೆ ರಕ್ತ ಓಡುತ್ತಿರುವುದನ್ನು ಈಗ ಅವನು ಕಿವಿಯಿಂದ ಕೇಳಬೇಕಾಗಿರಲಿಲ್ಲ.

“ಮಾಸ್ತರ, ಇಳೀರಿ” ಎಂದಳು ಗಿಡ್ಡಮ್ಮ. “ಹುಡುಗಿ ನಿಂತಾಳ.”

ಅವನು ಇಳಿದ. ಕೋಮಲಾ ಹತ್ತಿ ಮಲಗಿದಳು, ಡಾಕ್ಟರು ಅವಳ ಇನ್ನೊಂದು ಕಾಲಿಗೂ ಅಂಟು ಹಚ್ಚತೊಡಗಿದರು. ಕಾಲುಚೀಲ ಹುಡುಕಲು ಅವನು ಮಂಚದ ಕೆಳಗೆ ಬಗ್ಗಬೇಕಾಯಿತು. ಗುಂಪಿನವರು ದಾರಿ ಬಿಟ್ಟು ನಿಂತರು. ಕಾಲುಚೀಲವನ್ನು ಕೈಯಲ್ಲಿ ಹಿಡಿದು ಎದ್ದಾಗ, ಡಾಕ್ಟರ ಮೇಜಿನ ಪಕ್ಕ ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಗಿಡ್ಡಮ್ಮ ಕೂತಿದ್ದಳು. ಹಾಕಿಕೊಳ್ಳಲು ಕೂರುವ ಜಾಗವಿಲ್ಲದೆ ಅವನು ಗೋಡೆಗೆ ಒರಗಿ, ಒಂಟಿ ಕಾಲಿನಲ್ಲಿ ನಿಂತುಕೊಂಡ.